ಕಾಡುದಾರಿಯ ಕುದುರೆ ಸವಾರಿ: ಮೈಗೆಷ್ಟು, ಜೀನಿಗೆಷ್ಟು, ಹೇರಿಗೆಷ್ಟು

ಕಾಡಿನ ನಡುವೆ ಕುದುರೆ ಬೆದರಿ, ನಿಮ್ಮನ್ನು ಕೆಡವಿ, ಬಂದ ದಾರಿ ಹಿಡಿದು ಓಡಿತು ಎಂದುಕೊಳ್ಳಿ. ಏಟೇನೂ ಆಗಿಲ್ಲ. ಎದ್ದು ಮಣ್ಣು ಕೊಡವಿಕೊಳ್ಳುತ್ತೀರಿ. ನೀರು, ಮಳೆಕೋಟು, ಊಟ, ಫೋನು ಎಲ್ಲ ಜೀನಿನ ಚೀಲದಲ್ಲಿ. ಚೀಲ ಕುದುರೆಯ ಬೆನ್ನ ಮೇಲೆ. ಕುದುರೆ ಗುಡ್ಡದ ಆಚೆ. ನಿಮ್ಮ ಪಾಲಿಗೆ ಉಳಿದದ್ದು ಜೇಬಿನಲ್ಲಿದ್ದ ಕರವಸ್ತ್ರ ಒಂದೇ.

ಚಾರಣಕ್ಕೆ ಗಂಟು ಕಟ್ಟಿ ರೂಢಿಯಿರುವವರು ಕುದುರೆ ಪ್ರಯಾಣಕ್ಕೆ ಕಟ್ಟುವಾಗ ಎಡವುವುದು ಇಲ್ಲೇ. ಚಾರಣದಲ್ಲಿ ಸಾಮಾನು ನಮ್ಮ ಬೆನ್ನಿಗೇ ಅಂಟಿಕೊಂಡಿರುತ್ತದೆ, ನಮ್ಮನ್ನು ಬಿಟ್ಟು ಎಲ್ಲಿಗೂ ಹೋಗದು. ಭಾರ ಹೆಚ್ಚಾದರೆ ನಮ್ಮ ಹೆಗಲೇ ದೂರು ಹೇಳುತ್ತದೆ. ಇಲ್ಲಿ ಹೊರುವ ಬೆನ್ನು ಇನ್ನೊಂದರದು, ಅದಕ್ಕೆ ಬಾಯಿಲ್ಲ. ಹಾಗಾಗಿ ‘ಏನೇನು ಬೇಕು’ ಎಂಬ ಪಟ್ಟಿ ಮಾಡುವ ಮೊದಲು ‘ಯಾವುದು ಎಲ್ಲಿರಬೇಕು’ ಎಂದು ಗೆರೆ ಎಳೆದುಕೊಳ್ಳಿ. ಇರುವುದು ಮೂರೇ ಜಾಗ: ನಿಮ್ಮ ಮೈ, ನಿಮ್ಮ ಜೀನು, ಮತ್ತು ಸಾಮಾನು ಹೊರುವ ಹೇರುಕುದುರೆ.

1. ಮೊದಲು ತಕ್ಕಡಿ

ಕುದುರೆ ಎಷ್ಟು ಹೊರಬಹುದು ಎಂಬುದಕ್ಕೆ ಸಾಮಾನ್ಯವಾಗಿ ಬಳಸುವ ಅಂದಾಜು ಅದರ ಮೈತೂಕದ ಶೇ. 20. ಇದು ಸವಾರನ ತೂಕವೊಂದೇ ಅಲ್ಲ. ಜೀನು, ಜೀನಿನಡಿಯ ಕಂಬಳಿ, ಬೂಟು, ಹೆಲ್ಮೆಟ್, ಚೀಲ, ನೀರು ಎಲ್ಲ ಸೇರಿದ ಲೆಕ್ಕ. 450 ಕಿಲೋ ತೂಗುವ ಕುದುರೆಗೆ ಇದು 90 ಕಿಲೋ. ನೀವು 68 ಕಿಲೋ, ಬಟ್ಟೆ-ಬೂಟು-ಹೆಲ್ಮೆಟ್ 4 ಕಿಲೋ, ಜೀನು-ಕಂಬಳಿ-ಲಗಾಮು 14 ಕಿಲೋ ಎಂದಿಟ್ಟುಕೊಳ್ಳಿ. ಅಲ್ಲಿಗೇ 86 ಆಯಿತು. ಉಳಿದ 4 ಕಿಲೋದಲ್ಲಿ ಎರಡು ಲೀಟರ್ ನೀರಿಗೆ 2 ಕಿಲೋ ಹೋದರೆ, ನಿಮ್ಮ ಇಡೀ ಸಂಸಾರಕ್ಕೆ ಉಳಿಯುವುದು ಎರಡೇ ಕಿಲೋ. ಕಡಿದಾದ ಏರು, ಸುಡುಬಿಸಿಲು, ವಯಸ್ಸಾದ ಅಥವಾ ಅಭ್ಯಾಸ ತಪ್ಪಿದ ಕುದುರೆ ಆದರೆ ಅದನ್ನೂ ಇಳಿಸಬೇಕಾಗುತ್ತದೆ.

ಆದ್ದರಿಂದ ಪ್ರಯಾಣ ಏರ್ಪಡಿಸುವವರು ನಿಮ್ಮ ತೂಕ ಕೇಳಿದಾಗ ನಾಚಿಕೆಯಿಂದ ಐದು ಕಿಲೋ ನುಂಗಿ ಹೇಳಬೇಡಿ. ಅವರು ಆ ಅಂಕಿ ನೋಡಿಯೇ ಯಾರಿಗೆ ಯಾವ ಕುದುರೆ ಎಂದು ನಿರ್ಧರಿಸುತ್ತಾರೆ. ನೀವು ನುಂಗಿದ ಐದು ಕಿಲೋ ಹೊರುವುದು ಕುದುರೆಯೇ.

ಹೇರುಕುದುರೆ ಇದೆಯಲ್ಲ ಎಂದು ಗುಡ್ಡಕ್ಕೆ ಕಲ್ಲು ಹೊರಿಸುವ ಹಾಗೂ ಇಲ್ಲ. ಸವಾರ ಏರಿನಲ್ಲಿ ಮುಂದಕ್ಕೆ ಬಾಗುತ್ತಾನೆ, ಇಳಿಜಾರಿನಲ್ಲಿ ಸರಿದು ಕೂರುತ್ತಾನೆ, ಕುದುರೆಯ ನಡಿಗೆಗೆ ಹೊಂದಿಕೊಳ್ಳುತ್ತಾನೆ. ಮೂಟೆ ಹಾಗೇನೂ ಮಾಡುವುದಿಲ್ಲ. ಅಷ್ಟೇ ತೂಕದ ಸವಾರನಿಗಿಂತ ಸತ್ತ ಭಾರ ಕುದುರೆಗೆ ಹೆಚ್ಚು ಕಷ್ಟ. ಒಳ್ಳೆಯ ಮೈಕಟ್ಟಿನ ಹೇರುಕುದುರೆಗೂ ಅನುಭವಸ್ಥರು 60–70 ಕಿಲೋ ದಾಟಿಸುವುದು ಕಡಿಮೆ. ಆ ಹೇರಿನಲ್ಲಿ ಡೇರೆ, ಅಡುಗೆ ಪಾತ್ರೆ, ದಿನಸಿ ಎಲ್ಲ ಬರಬೇಕು. ಒಬ್ಬೊಬ್ಬ ಸವಾರನಿಗೆ 10ರಿಂದ 15 ಕಿಲೋದ ಒಂದೇ ಚೀಲ ಎಂಬ ಕಟ್ಟಳೆ ಹಲವು ಕಡೆ ಇರುವುದು ಇದಕ್ಕೇ.

ಪಟ್ಟಿ ಮಾಡುವ ಮೊದಲೇ ಕೇಳಿ ತಿಳಿದುಕೊಳ್ಳಬೇಕಾದ್ದು: ನನ್ನ ಪಾಲಿನ ತೂಕ ಎಷ್ಟು? ಜೀನಿನ ಚೀಲ ನೀವೇ ಕೊಡುತ್ತೀರಾ? ರಾತ್ರಿಯ ಚಳಿ ಎಷ್ಟು ಡಿಗ್ರಿಗೆ ಇಳಿಯುತ್ತದೆ? ಮಲಗುವ ಚೀಲ, ಡೇರೆ, ಮಳೆಕೋಟು ಯಾರದು? ಹೊಳೆ ದಾಟುವುದಿದೆಯೇ? ನನ್ನ ಚೀಲ ಹೇರುಕುದುರೆಯ ಮೇಲೆ ಬರುತ್ತದೋ, ಗಾಡಿಯಲ್ಲಿ ಸಂಜೆಯ ಬಿಡಾರಕ್ಕೆ ಬರುತ್ತದೋ? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಎರಡು ಸಂದರ್ಭದಲ್ಲೂ ಬೆಳಿಗ್ಗೆ ಕೊಟ್ಟ ಚೀಲ ಸಂಜೆಯವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ.

2. ನೆಲದ ಮೇಲೆ ಮೂರು ರಾಶಿ

ಹೊರಡುವ ಒಂದು ವಾರ ಮೊದಲು ಒಂದು ಹೊದಿಕೆ ಹಾಸಿ ಎಲ್ಲವನ್ನೂ ಸುರಿಯಿರಿ. ಒಂದೊಂದನ್ನೂ ಕೈಗೆತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಇದಿಲ್ಲದೆ ಎಷ್ಟು ಹೊತ್ತು ಇರಬಲ್ಲೆ? ಕುದುರೆಯೇ ಕಾಣೆಯಾದರೂ ಬೇಕೇಬೇಕು ಎನಿಸುವುದು ಮೈಗೆ. ಸವಾರಿಯ ನಡುವೆ ಬೇಕಾಗುವುದು ಜೀನಿಗೆ. ಸಂಜೆವರೆಗೆ ತಡೆಯುವುದು ಹೇರಿಗೆ. ಮೂರರಲ್ಲಿ ಯಾವುದಕ್ಕೂ ಸೇರದೆ ‘ಇರಲಿ ಬಿಡು’ ಎನಿಸಿದ್ದು ಮತ್ತೆ ಕಪಾಟಿಗೆ.

3. ಮೈಮೇಲಿನ ರಾಶಿ

ಇದು ಚಿಕ್ಕ ರಾಶಿ, ಆದರೆ ಇದರಲ್ಲಿ ರಾಜಿ ಬೇಡ. ಜಿಪ್ ಇರುವ ಜೇಬುಗಳ ಒಂದು ತೋಳಿಲ್ಲದ ಜಾಕೆಟ್, ಅಥವಾ ಸೊಂಟಕ್ಕೆ ಕಟ್ಟುವ ಚಪ್ಪಟೆ ಚೀಲ ಸಾಕು. ಅದರಲ್ಲಿ ಒಂದು ಸೀಟಿ, ಲೈಟರ್ ಮತ್ತು ನೀರು ತಾಗದಂತೆ ಸುತ್ತಿದ ಬೆಂಕಿಪೊಟ್ಟಣ, ಮಡಚುವ ಚಾಕು, ನೀರು ಶುದ್ಧಿ ಮಾಡುವ ಮಾತ್ರೆಗಳು, ಮಡಚಿದರೆ ಅಂಗೈಯಷ್ಟಾಗುವ ಬೆಳ್ಳಿಹಾಳೆಯ ಹೊದಿಕೆ, ಒಂದು ಬ್ಯಾಂಡೇಜ್ ಸುರುಳಿ, ನಿಮ್ಮ ಒಂದು ದಿನದ ಔಷಧಿ, ಒಂದು ಹಿಡಿ ತಿನ್ನುವ ಪದಾರ್ಥ, ನಕ್ಷೆ, ದಿಕ್ಸೂಚಿ. ಫೋನೂ ಇಲ್ಲೇ. ಸಿಗ್ನಲ್ ಇಲ್ಲದ ಕಡೆ ಫೋನು ಬರೀ ಗಡಿಯಾರವೇ ಆದರೂ, ಮೊದಲೇ ಇಳಿಸಿಕೊಂಡ ನಕ್ಷೆ ಇದ್ದರೆ ಜಿಪಿಎಸ್ ಕೆಲಸ ಮಾಡುತ್ತದೆ.

ಜನರಿಂದ ದೂರದ ದಾರಿಯಾದರೆ ತುರ್ತು ಬೀಕನ್ ಬಗ್ಗೆ ಯೋಚಿಸಿ. ಪಿಎಲ್‌ಬಿ ಎಂದು ಕರೆಯುವ ಈ ಪುಟ್ಟ ಸಾಧನ 406 ಮೆಗಾಹರ್ಟ್ಸ್‌ನಲ್ಲಿ ಕಾಸ್ಪಾಸ್-ಸರ್ಸಾಟ್ ಉಪಗ್ರಹ ಜಾಲಕ್ಕೆ ನಿಮ್ಮ ಜಾಗ ತಿಳಿಸುತ್ತದೆ. ತಿಂಗಳ ಚಂದಾ ಇಲ್ಲ. ಆದರೆ ಮುಂಚೆಯೇ ನಿಮ್ಮ ಹೆಸರಿನಲ್ಲಿ ನೋಂದಾಯಿಸಬೇಕು, ಮತ್ತು ಅದರಿಂದ ಮಾತಾಡಲು ಆಗದು. ಸಂದೇಶ ಕಳಿಸಿ ಪಡೆಯುವ ಉಪಗ್ರಹ ಸಾಧನಗಳಿಗೆ ಚಂದಾ ಬೇಕು. ಕೆಲವು ದೇಶಗಳಲ್ಲಿ ಉಪಗ್ರಹ ಫೋನು, ಸಂದೇಶ ಸಾಧನಗಳನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, ಹೋಗುವ ದೇಶದ ಕಾನೂನು ನೋಡಿಕೊಂಡೇ ಕೊಳ್ಳಿ. ಯಾವುದೇ ಆಗಲಿ, ಜೀನಿಗೆ ಕಟ್ಟಿದರೆ ವ್ಯರ್ಥ. ಕುದುರೆ ಓಡಿಹೋದರೆ ರಕ್ಷಣೆಗೆ ಬಂದವರು ಸುರಕ್ಷಿತವಾಗಿ ಮೇಯುತ್ತಿರುವ ಕುದುರೆಯನ್ನು ಹುಡುಕಿಕೊಡುತ್ತಾರೆ.

ಇನ್ನೊಂದು ಮಾತು. ಬಿದ್ದಾಗ ಯಾವುದರ ಮೇಲೆ ಬೀಳುತ್ತೀರಿ ಎಂದು ನೋಡಿಕೊಳ್ಳಿ. ಹಿಂಜೇಬಿನಲ್ಲಿ, ಬೆನ್ನುಮೂಳೆಯ ಮೇಲೆ ಗಟ್ಟಿ ಸಾಮಾನು ಇರಬಾರದು. ಬೆನ್ನಚೀಲ ಹಾಕಿಕೊಂಡು ಸವಾರಿ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಅದು ಮೈಯ ತೂಕವನ್ನು ಮೇಲಕ್ಕೂ ಹಿಂದಕ್ಕೂ ಎಳೆಯುತ್ತದೆ, ಕುಕ್ಕುಲೋಟದಲ್ಲಿ (ಕುದುರೆ ಕುಲುಕುತ್ತ ಓಡುವ ಟ್ರಾಟ್ ನಡೆ) ಹೆಜ್ಜೆಹೆಜ್ಜೆಗೂ ಬೆನ್ನಿಗೆ ಬಡಿಯುತ್ತದೆ, ತಗ್ಗಿದ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

ಬೆಳ್ಳಿಹಾಳೆಯ ಹೊದಿಕೆಯನ್ನು ಕುದುರೆಯ ಹತ್ತಿರ ಬಿಡಿಸಲೇಬೇಡಿ. ಅದರ ಚರಪರ ಸದ್ದಿಗೆ ಶಾಂತ ಕುದುರೆಯೂ ಗಾಬರಿಯಾದೀತು.

4. ಬಟ್ಟೆ: ಪಾದದಿಂದ ಶುರು ಮಾಡಿ

ಸವಾರಿಯ ಬೂಟಿಗೆ ಹಿಮ್ಮಡಿ ಇರಬೇಕು, ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್. ಶೋಕಿಗಲ್ಲ. ಪಾದ ರಿಕಾಪಿನೊಳಗೆ, ಅಂದರೆ ಜೀನಿನಿಂದ ತೂಗುವ, ಪಾದ ಇಡುವ ಬಳೆಯೊಳಗೆ, ಪೂರ್ತಿ ತೂರಿಹೋಗದಂತೆ ತಡೆಯುವುದು ಅದೇ. ಪಾದ ತೂರಿ ಸಿಕ್ಕಿಕೊಂಡು, ಸವಾರ ಬಿದ್ದು, ಕುದುರೆ ಓಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಚಾರಣದ ದಪ್ಪ ಬೂಟುಗಳ ಅಗಲ ಮೂತಿ, ಆಳವಾದ ಹಲ್ಲುಗಳ ಅಟ್ಟೆ ರಿಕಾಪಿನಲ್ಲಿ ಕಚ್ಚಿಕೊಳ್ಳುತ್ತವೆ. ಹಾಗೆಂದು ಅಟ್ಟೆ ಗಾಜಿನಂತೆ ನುಣುಪಾಗಿಯೂ ಇರಬಾರದು, ಕಡಿದಾದ ಇಳಿಜಾರಿನಲ್ಲಿ ಕುದುರೆಯಿಂದ ಇಳಿದು ಅದನ್ನು ಹಿಡಿದು ನಡೆಸಬೇಕಾಗುತ್ತದೆ. ಕಣಕಾಲು ಮುಚ್ಚುವ, ಸಣ್ಣ ಹಲ್ಲಿನ ಅಟ್ಟೆಯ, ಹಿಮ್ಮಡಿ ಇರುವ ಬೂಟು ಎರಡಕ್ಕೂ ಆಗುತ್ತದೆ. ನಿಮ್ಮ ಬೂಟಿನ ಅಗಲ ಮೊದಲೇ ತಿಳಿಸಿ. ಪಾದ ಇಟ್ಟಾಗ ರಿಕಾಪಿನಲ್ಲಿ ಎರಡೂ ಬದಿ ಸೇರಿ ಸುಮಾರು ಎರಡು, ಎರಡೂವರೆ ಸೆಂಟಿಮೀಟರ್ ಬಿಡುವಿರಬೇಕು. ಪ್ರಯಾಣಕ್ಕೆಂದೇ ಹೊಸ ಬೂಟು ಕೊಂಡು ಅಲ್ಲಿಯೇ ಮೊದಲು ಹಾಕಿದರೆ ಮೂರನೇ ದಿನ ‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆ ಅಕ್ಷರಶಃ ನಿಜವಾಗುತ್ತದೆ.

ಕಾಲುಚೀಲ ಮೊಣಕಾಲ ಕೆಳಗಿನವರೆಗೆ ಬರುವಂಥದ್ದು ಒಳ್ಳೆಯದು. ಗಿಡ್ಡ ಕಾಲುಚೀಲ ಜಾರಿ ಸುಕ್ಕುಗಟ್ಟಿದ ಜಾಗದಲ್ಲೇ ರಿಕಾಪಿನ ಪಟ್ಟಿ ತಿಕ್ಕುತ್ತದೆ. ಗಿಡ್ಡ ಬೂಟು ಹಾಕುವವರಿಗೆ ಹಾಫ್ ಚಾಪ್ಸ್, ಅಂದರೆ ಮೀನಖಂಡಕ್ಕೆ ಸುತ್ತುವ ಚರ್ಮದ ಹೊದಿಕೆ, ತುಂಬ ಉಪಕಾರಿ. ಮುಳ್ಳುಕಂಟಿಗೂ ಅದೇ ಅಡ್ಡ.

ಪ್ಯಾಂಟಿನ ವಿಷಯದಲ್ಲಿ ಒಂದೇ ಪರೀಕ್ಷೆ. ಒಳಮಗ್ಗುಲು ತಿರುಗಿಸಿ ಹೊಲಿಗೆ ಮುಟ್ಟಿ ನೋಡಿ. ಸಾಮಾನ್ಯ ಜೀನ್ಸ್‌ನಲ್ಲಿ ತೊಡೆಯ ಒಳಬದಿಗೆ ಹಗ್ಗದಂತೆ ದಪ್ಪ ಹೊಲಿಗೆ ಓಡಿರುತ್ತದೆ. ಒಂದು ಗಂಟೆಯ ಸವಾರಿಗೆ ಅದು ಗೊತ್ತೇ ಆಗದು. ದಿನಕ್ಕೆ ಆರು ಗಂಟೆಯಂತೆ ಎರಡು ದಿನ ಕೂತರೆ ಚರ್ಮ ಕಿತ್ತು ಬರುತ್ತದೆ, ಆಮೇಲೆ ಯಾವ ಪ್ಯಾಂಟೂ ಆಗದು. ಸವಾರಿಗೆಂದೇ ಹೊಲಿದ ಹಿಗ್ಗುವ ಪ್ಯಾಂಟುಗಳಲ್ಲಿ ಒಳಬದಿ ಚಪ್ಪಟೆಯಾಗಿರುತ್ತದೆ. ಒಳಚಡ್ಡಿಗೂ ಇದೇ ನಿಯಮ: ಅಂಚು ತೊಡೆಸಂದಿಗೆ ಬರಬಾರದು, ಉದ್ದ ಕಾಲಿನ, ಮೈಗಂಟುವ ಒಳಚಡ್ಡಿಯೇ ಸೈ. ದಪ್ಪ ಮೆತ್ತೆಯ ಸೈಕಲ್ ಚಡ್ಡಿ ಕೆಲವರಿಗೆ ಹಿತ, ಕೆಲವರಿಗೆ ಜೀನಿನ ಮೇಲೆ ಜಾರಿದಂತೆ. ಮನೆಯಲ್ಲೇ ಪ್ರಯೋಗ ಮಾಡಿ. ತಿಕ್ಕುವ ಜಾಗಕ್ಕೆ ಪೆಟ್ರೋಲಿಯಂ ಜೆಲ್ಲಿಯನ್ನು ಉರಿ ಶುರುವಾದ ಮೇಲಲ್ಲ, ಬೆಳಿಗ್ಗೆ ಪ್ಯಾಂಟು ಹಾಕುವ ಮೊದಲೇ ಹಚ್ಚಿ. ದೊಡ್ಡ ಬಿಲ್ಲೆಯ ಬೆಲ್ಟ್ ಮನೆಯಲ್ಲಿರಲಿ, ಏರಿನಲ್ಲಿ ಮುಂದಕ್ಕೆ ಬಾಗಿದಾಗ ಹೊಟ್ಟೆಗೆ ಚುಚ್ಚುತ್ತದೆ. ಮಹಿಳೆಯರಿಗೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ ಬೇಕು, ಅದರ ಭುಜಪಟ್ಟಿಯೂ ಕಂಕುಳಿನ ಹೊಲಿಗೆಯೂ ಚಪ್ಪಟೆಯಾಗಿರಲಿ.

ಮೇಲುಮೈಗೆ ಪದರ ಪದರವಾಗಿ. ಚರ್ಮಕ್ಕೆ ತಾಗುವ ಪದರ ತೆಳು ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್, ಚಳಿಗೆ ಒಳಗೆ ಮೆತ್ತೆ ತುಂಬಿದ ಒಂದು ಪಫರ್ ಜಾಕೆಟ್. ಹತ್ತಿಬಟ್ಟೆ ನೀರು ಹೀರಿ ಬೇಗ ಒಣಗದು, ಒದ್ದೆ ಹತ್ತಿ ಚಳಿಯಲ್ಲಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಒಣ ಸೆಕೆಯ ಬಯಲಿನಲ್ಲಿ ಮಾತ್ರ ಅದೇ ಗುಣ ಹಿತವಾಗುತ್ತದೆ, ಹಾಗಾಗಿ ‘ಹತ್ತಿ ಬೇಡವೇ ಬೇಡ’ ಎಂಬ ಮಾತನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಸೆಕೆ ಇದ್ದರೂ ತುಂಬುತೋಳೇ ಇರಲಿ. ಬಿಸಿಲು, ಸೊಳ್ಳೆ, ಕೊಂಬೆ ಮೂರಕ್ಕೂ ಒಂದೇ ಉತ್ತರ. ಬೇಟೆಗೆ ಅವಕಾಶವಿರುವ ಕಾಡಾದರೆ, ಬೇಟೆಯ ಕಾಲದಲ್ಲಿ ಹೊಳೆಯುವ ಕಿತ್ತಳೆ ಬಣ್ಣದ ಮೇಲಂಗಿ ಕಡ್ಡಾಯ ಎಂದೇ ತಿಳಿಯಿರಿ.

ಎಷ್ಟು ಜೊತೆ? ಐದಾರು ದಿನಕ್ಕೆ ಸವಾರಿಯ ಪ್ಯಾಂಟು ಎರಡು, ಮೇಲಂಗಿ ಎರಡೋ ಮೂರೋ, ಒಳಉಡುಪು ಮೂರು ಜೊತೆ, ಕಾಲುಚೀಲ ನಾಲ್ಕು ಜೊತೆ, ಬಿಡಾರದಲ್ಲಿ ಹಾಕಲು ಹಗುರ ಚಪ್ಪಲಿ. ಇದಕ್ಕಿಂತ ಹೆಚ್ಚು ಯಾರಿಗೂ ಬೇಕಾಗಿದ್ದನ್ನು ನಾನು ಕಂಡಿಲ್ಲ. ಎರಡನೇ ದಿನಕ್ಕೆ ಎಲ್ಲರ ಮೈಯೂ ಕುದುರೆಯದೇ ವಾಸನೆ, ಯಾರೂ ಮೂಗು ಮುರಿಯುವುದಿಲ್ಲ. ಆದರೆ ಒಂದು ಜೊತೆ ಬಟ್ಟೆ, ಒಂದು ಜೊತೆ ಕಾಲುಚೀಲ ಮಲಗುವುದಕ್ಕೇ ಮೀಸಲು. ಮಳೆ ಎಷ್ಟೇ ಕಾಡಲಿ, ಅದನ್ನು ಹಾಕಿಕೊಂಡು ಕುದುರೆ ಹತ್ತಬೇಡಿ.

ಮಳೆಕೋಟಿನ ಬಗ್ಗೆ ನಿಧಾನವಾಗಿ ಯೋಚಿಸಿ. ಚಾರಣದ ಜಾಕೆಟ್ ಸೊಂಟಕ್ಕೇ ಮುಗಿಯುತ್ತದೆ. ಕುದುರೆಯ ಮೇಲೆ ಕೂತವನಿಗೆ ಅಲ್ಲಿಂದ ಇಳಿದ ನೀರು ನೇರ ತೊಡೆಗೆ, ತೊಡೆಯಿಂದ ಜೀನಿಗೆ, ಜೀನಿನಿಂದ ಬೂಟಿನೊಳಕ್ಕೆ. ಸವಾರಿಯ ಮಳೆಕೋಟು ಮೊಣಕಾಲಿಗಿಂತ ಕೆಳಗೆ ಬರುತ್ತದೆ, ಹಿಂದೆ ಸೀಳಿರುತ್ತದೆ, ಜೀನಿನ ಮೇಲೂ ಹರಡಿಕೊಳ್ಳುತ್ತದೆ, ಹಾರದಂತೆ ಕಾಲಿಗೆ ಪಟ್ಟಿ ಇರುತ್ತದೆ. ಅದು ಸಿಗದಿದ್ದರೆ ಜಾಕೆಟ್ ಜೊತೆ ಮಳೆಪ್ಯಾಂಟು ಇರಲಿ. ತಲೆಯಿಂದ ತೂರಿಸಿಕೊಳ್ಳುವ ತೋಳಿಲ್ಲದ ಸಡಿಲ ಹೊದಿಕೆ, ಪೊಂಚೊ, ಮಾತ್ರ ಬೇಡ. ಗಾಳಿಗೆ ಅದು ಪಟಪಟ ಹಾರಿದಾಗ ಕುದುರೆಗೆ ಬೆನ್ನಿನ ಮೇಲೆ ಏನೋ ಎರಗಿದಂತೆ. ಯಾವ ಕೋಟಾದರೂ ಕುದುರೆಯ ಮೇಲೆ ಕೂತು ತೋಳು ತೂರಿಸುವ ಸಾಹಸ ಮಾಡಬೇಡಿ. ಎರಡೂ ತೋಳು ಕೋಟಿನೊಳಗೆ ಸಿಕ್ಕಿರುವ ಆ ಹತ್ತು ಸೆಕೆಂಡಿನಲ್ಲಿ ಲಗಾಮು ನಿಮ್ಮ ಕೈಯಲ್ಲಿರುವುದಿಲ್ಲ. ಮೋಡ ಕಟ್ಟಿದಾಗಲೇ ಇಳಿದು, ಕುದುರೆಗೆ ಕೋಟು ಮೂಸಲು ಕೊಟ್ಟು, ಆಮೇಲೆ ಹಾಕಿಕೊಳ್ಳಿ.

ಕೈಗವಸು ಎರಡು ಜೊತೆ. ಅಂಗೈಗೆ ಚರ್ಮವಿರುವ ಒಂದು ಜೊತೆ ದಿನನಿತ್ಯಕ್ಕೆ, ಕುದುರೆ ಎಳೆದಾಗ ಹಗ್ಗ ಜಾರಿ ಅಂಗೈ ಸುಟ್ಟಂತಾಗುವುದನ್ನು ಅದು ತಡೆಯುತ್ತದೆ. ಚಳಿಮಳೆಗೆ ಉಣ್ಣೆಯದು ಇನ್ನೊಂದು. ಉಂಗುರ ಮನೆಯಲ್ಲಿರಲಿ. ಹಗ್ಗಕ್ಕೆ ಉಂಗುರ ಸಿಕ್ಕರೆ ಬೆರಳಿನ ಚರ್ಮವೇ ಸುಲಿದು ಬರಬಹುದು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವ ಅಭ್ಯಾಸವೂ ಹಾಗೆಯೇ ಅಪಾಯ.

ಹೆಲ್ಮೆಟ್ ಕುದುರೆ ಸವಾರಿಯದೇ ಆಗಿರಬೇಕು. ಎಎಸ್‌ಟಿಎಂ ಎಫ್1163 ಅಥವಾ ಇಎನ್ 1384 ಎಂಬ ಸುರಕ್ಷತಾ ಮಾನದಂಡದ ಗುರುತು ಒಳಗೆ ಇದೆಯೇ ನೋಡಿ. ಸೈಕಲ್ ಹೆಲ್ಮೆಟ್ಟನ್ನು ಬೇರೆ ಬಗೆಯ ಬೀಳುವಿಕೆಗೆ ಪರೀಕ್ಷಿಸಿರುತ್ತಾರೆ. ಸವಾರಿಯದ್ದು ತಲೆಯ ಹಿಂಭಾಗವನ್ನು ಹೆಚ್ಚು ಮುಚ್ಚುತ್ತದೆ, ಗೊರಸಿನಂಥ ಚೂಪು ಅಂಚಿನ ಪೆಟ್ಟಿಗೂ ಪರೀಕ್ಷೆಯಾಗಿರುತ್ತದೆ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ನೋಡಲು ಸರಿಯಿದ್ದರೂ ಅದರ ಕೆಲಸ ಮುಗಿಯಿತು. ಬಿಸಿಲಿಗೆ ಹೆಲ್ಮೆಟ್ ಮೇಲೆ ಸಿಕ್ಕಿಸುವ ಅಗಲ ಅಂಚು ಸಿಗುತ್ತದೆ. ಬಿಡಾರಕ್ಕೆ ಬೇಕಾದರೆ ಟೋಪಿ. ಕುತ್ತಿಗೆಗೆ ತೆಳು ಬಟ್ಟೆಯ ಕೊಳವೆ, ಧೂಳಿಗೆ ಅದನ್ನೇ ಮೂಗಿನವರೆಗೆ ಏರಿಸಬಹುದು. ಕನ್ನಡಕಕ್ಕೆ ದಾರ ಕಟ್ಟಿ.

5. ಜೀನಿನ ಚೀಲ ತುಂಬುವುದು

ಎರಡು ಬದಿಗೂ ತೂಗುವ ಹಸಿಬೆ ಚೀಲ ಕಂಡವರಿಗೆ ಜೀನಿನ ಚೀಲ ಹೊಸದಲ್ಲ, ಅದೇ ಲೆಕ್ಕ. ಒಂದು ಬದಿ ಜಗ್ಗಿದರೆ ಜೀನು ಅತ್ತ ಸರಿಯುತ್ತದೆ, ಸರಿದ ಜೀನು ಬೆನ್ನು ತಿನ್ನುತ್ತದೆ. ಎರಡೂ ಬದಿಯ ತೂಕದಲ್ಲಿ ಅರ್ಧ ಕಿಲೋಗಿಂತ ಹೆಚ್ಚು ವ್ಯತ್ಯಾಸ ಬೇಡ. ಕೊಕ್ಕೆಯ ತೂಗುತಕ್ಕಡಿ ಒಂದಿದ್ದರೆ ಕೆಲಸ ಸುಲಭ. ನೀರಿನ ಬಾಟಲಿ ಬದಿಗೊಂದರಂತೆ ಇಡಿ, ಒಂದೇ ಬಾಟಲಿಯನ್ನು ಖಾಲಿ ಮಾಡದೆ ಎರಡರಿಂದಲೂ ಸರದಿಯಲ್ಲಿ ಕುಡಿಯಿರಿ. ಬೆಳಿಗ್ಗೆ ಕಷ್ಟಪಟ್ಟು ಹೊಂದಿಸಿದ ತೂಕ ಮಧ್ಯಾಹ್ನದ ಬಾಯಾರಿಕೆಗೆ ಕೆಡುವುದು ಹೀಗೆಯೇ.

ಭಾರವಾದದ್ದು ಜೀನಿನ ಮುಂದಿನ ಚೀಲಕ್ಕೆ, ಹಗುರ ಮತ್ತು ಮೆತ್ತಗಿನದು ಹಿಂದಕ್ಕೆ. ಕುದುರೆಯ ಬೆನ್ನಿಗೆ ಆಧಾರ ಪಕ್ಕೆಲುಬು ಇರುವವರೆಗೆ. ಕೊನೆಯ ಪಕ್ಕೆಲುಬಿನ ಹಿಂದಿನ ಸೊಂಟದ ಭಾಗಕ್ಕೆ ಕೆಳಗಿನಿಂದ ಆಸರೆ ಇಲ್ಲ. ಜೀನಿನ ಹಿಂದೆ ನೇತಾಡುವ ಚೀಲ ಅಲ್ಲೇ ಕುಟ್ಟುತ್ತದೆ. ಹಿಂದೆ ಕಟ್ಟಲು ತಕ್ಕ ಸಾಮಾನು ಎಂದರೆ ಸುರುಳಿ ಸುತ್ತಿದ ಮಳೆಕೋಟು, ಫ್ಲೀಸ್. ಅದನ್ನೂ ತುಂಬ ಎತ್ತರಕ್ಕೆ ಕಟ್ಟಬೇಡಿ, ಇಳಿಯುವಾಗ ಕಾಲು ಅದರ ಮೇಲಿಂದ ದಾಟಬೇಕು. ಕುದುರೆಯ ಮೈಗೆ ತಾಗುವ ಬದಿಗೆ ಬಟ್ಟೆ, ಹೊರಬದಿಗೆ ಗಟ್ಟಿ ಸಾಮಾನು. ಚೀಲದ ಕೆಳತುದಿಯನ್ನೂ ಜೀನಿಗೆ ಬಿಗಿಯಿರಿ, ಇಲ್ಲವಾದರೆ ಕುಕ್ಕುಲೋಟದಲ್ಲಿ ಅದು ರೆಕ್ಕೆಯಂತೆ ಬಡಿಯುತ್ತದೆ.

ದಿನದ ಸಾಮಾನು ಇಷ್ಟು: ನೀರು, ಮಧ್ಯಾಹ್ನದ ಊಟ, ಮಳೆಕೋಟು, ಒಂದು ಬೆಚ್ಚನೆ ಪದರ, ಬಿಸಿಲಿನ ಲೇಪ, ಕೀಟ ಓಡಿಸುವ ಲೇಪ, ತಲೆಗೆ ಕಟ್ಟುವ ಟಾರ್ಚ್, ಪ್ರಥಮ ಚಿಕಿತ್ಸೆಯ ದೊಡ್ಡ ಪೊಟ್ಟಣ, ಶೌಚಕ್ಕೆ ಗುಂಡಿ ತೋಡುವ ಪುಟ್ಟ ಸಲಿಕೆ. ಗುಂಡಿ 15–20 ಸೆಂಟಿಮೀಟರ್ ಆಳ, ನೀರಿನಿಂದ 60 ಮೀಟರ್ ದೂರ. ಬಳಸಿದ ಕಾಗದವನ್ನು ಕಟ್ಟಿ ತರಲು ಎರಡು ಜಿಪ್ ಚೀಲ. ಮುಟ್ಟಿನ ದಿನಗಳ ಸಾಮಾನು ಹೇರಿನಲ್ಲಿ ಅಲ್ಲ, ಇಲ್ಲೇ ಇರಲಿ. ಪ್ರಯಾಣದ ದಣಿವಿಗೆ ದಿನಗಳ ಲೆಕ್ಕ ತಪ್ಪುವುದುಂಟು.

ಕುದುರೆಯ ನಡಿಗೆ ಚೀಲದೊಳಗೆ ಏನು ಮಾಡುತ್ತದೆ ಎಂಬುದನ್ನು ನಾನು ಕಲಿತದ್ದು ಮಾತ್ರೆ ಡಬ್ಬಿಯಿಂದ. ಅರ್ಧ ತುಂಬಿದ ಡಬ್ಬಿ, ಮೂರು ದಿನದ ಸವಾರಿ, ತೆರೆದರೆ ಒಳಗೆ ಹಿಟ್ಟು. ಡಬ್ಬಿಯಲ್ಲಿ ಉಳಿದ ಜಾಗಕ್ಕೆ ಹತ್ತಿ ತುರುಕಿದ್ದರೆ ಉಳಿಯುತ್ತಿತ್ತು. ತಿರುಪಿನ ಮುಚ್ಚಳಗಳು ಅಲುಗಾಟಕ್ಕೆ ತಾವಾಗಿಯೇ ಸಡಿಲವಾಗುತ್ತವೆ, ದ್ರವವೆಲ್ಲ ಎರಡೆರಡು ಚೀಲದೊಳಗೆ ಇರಲಿ. ಟಾರ್ಚ್ ಒತ್ತಿಕೊಂಡು ಉರಿಯುತ್ತದೆ, ಒಂದು ಬ್ಯಾಟರಿಯನ್ನು ತಿರುಗಿಸಿ ಹಾಕಿಡಿ. ತಟ್ಟೆಗೆ ಚಮಚ ತಾಗುವಂತಿದ್ದರೆ ದಿನವಿಡೀ ಟಣಟಣ, ಅದು ನಿಮಗೆ ಕಿರಿಕಿರಿ, ಕುದುರೆಗೆ ಭಯ. ಪ್ಲಾಸ್ಟಿಕ್ ಕವರು ಸರಪರ ಎನ್ನುತ್ತದೆ, ಬದಲಿಗೆ ಬಟ್ಟೆಯ ಚೀಲ ಅಥವಾ ನೀರು ಒಳಹೋಗದ ಮೆತ್ತನೆಯ ಡ್ರೈ ಬ್ಯಾಗ್.

6. ಕುದುರೆಯ ಪಾಲು

ಬಾಡಿಗೆ ಕುದುರೆಯಾದರೆ ಇದು ಏರ್ಪಡಿಸಿದವರ ಹೊಣೆ, ಆದರೂ ಏನಿದೆ ಏನಿಲ್ಲ ಎಂದು ಕೇಳಿಕೊಳ್ಳುವುದು ಸವಾರನ ಹಕ್ಕು. ಗೊರಸು ಕೆರೆಯುವ ಕೊಕ್ಕೆ ಮಾತ್ರ ಪ್ರತಿಯೊಬ್ಬರ ಜೀನಿನಲ್ಲೂ ಇರಬೇಕು. ಗೊರಸಿನ ಸಂದಿಗೆ ಕಲ್ಲು ಸಿಕ್ಕಿದರೆ ಒಂದು ಕಿಲೋಮೀಟರಿಗೇ ಕುದುರೆ ಕುಂಟುತ್ತದೆ.

ನಿಮ್ಮದೇ ಕುದುರೆಯಾದರೆ: ಲಗಾಮಿನ ಜೊತೆ ಹಾಲ್ಟರ್ (ಕುದುರೆಯನ್ನು ಕಟ್ಟಲು, ಹಿಡಿದು ನಡೆಸಲು ತಲೆಗೆ ತೊಡಿಸುವ ಪಟ್ಟಿ) ಮತ್ತು ಮೂರು ಮೀಟರಿನ ಹಗ್ಗ, ಲಾಳ ಕಳಚಿದಾಗ ತೊಡಿಸುವ ಗೊರಸಿನ ಬೂಟು, ಅಗಲ ಅಂಟುಪಟ್ಟಿ, ಕಿತ್ತುಹೋದ ಪಟ್ಟಿ ಕಟ್ಟಲು ಚರ್ಮದ ದಾರಗಳು, ಬ್ರಷ್, ಮಡಚುವ ಬಕೆಟ್, ನೊಣದ ಔಷಧಿ. ರಾತ್ರಿ ಕಟ್ಟಲು ಎರಡು ಮರಗಳ ನಡುವೆ ಕುದುರೆಯ ತಲೆಗಿಂತ ಎತ್ತರಕ್ಕೆ ಬಿಗಿಯುವ ಹಗ್ಗ, ಮರದ ತೊಗಟೆ ಕೊಯ್ಯದಂತೆ ಐದು ಸೆಂಟಿಮೀಟರಿಗೂ ಅಗಲವಾದ ಪಟ್ಟಿಗಳು. ಔಷಧಿ ಪೆಟ್ಟಿಗೆಯಲ್ಲಿ ಥರ್ಮಾಮೀಟರ್, ಗಾಯ ತೊಳೆಯುವ ಸಲೈನ್, ಗಾಜ್, ಹಿಗ್ಗುವ ಬ್ಯಾಂಡೇಜ್, ಪಶುವೈದ್ಯರು ಬರೆದುಕೊಟ್ಟ ನೋವಿನ ಔಷಧಿ. ಬೆಳೆದ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44. ಇದನ್ನು ಪೆಟ್ಟಿಗೆಯ ಮುಚ್ಚಳದೊಳಗೆ ಬರೆದಂಟಿಸಿ, ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ.

ಮೇವಿನ ಲೆಕ್ಕ ದೊಡ್ಡದು. ಕುದುರೆ ದಿನಕ್ಕೆ ಮೈತೂಕದ ಶೇ. 2ರಷ್ಟು ತಿನ್ನುತ್ತದೆ, 450 ಕಿಲೋದ ಕುದುರೆಗೆ ಅದು 9 ಕಿಲೋ. ನಾಲ್ಕು ದಿನದ ಮೇವನ್ನು ಅದರ ಬೆನ್ನಿಗೇ ಹೇರಿದರೆ ನಿಮಗೆ ಜಾಗ ಉಳಿಯದು. ದಾರಿಯಲ್ಲಿ ಹುಲ್ಲು ಎಲ್ಲಿದೆ, ಮೇಯಿಸಲು ಅನುಮತಿ ಇದೆಯೇ, ಕಳೆಬೀಜವಿಲ್ಲದ ಮೇವನ್ನೇ ತರಬೇಕೆಂಬ ನಿಯಮವಿದೆಯೇ ಎಂದು ಆ ಕಾಡಿನ ಇಲಾಖೆಯಿಂದ ತಿಳಿದುಕೊಂಡೇ ಹೊರಡಿ. ಹೊಸ ಮೇವಿಗೆ ಮನೆಯಲ್ಲೇ ಒಂದು ವಾರ, ಹತ್ತು ದಿನ ಮೊದಲಿನಿಂದ ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು, ದಿಢೀರ್ ಬದಲಾದರೆ ಹೊಟ್ಟೆಶೂಲೆ ಬರಬಹುದು.

7. ಹೇರಿನ ಚೀಲ

ಗಾಲಿಯ ಸೂಟ್‌ಕೇಸು ಇಲ್ಲಿಗೆ ಬೇಡ. ಹೇರು ಕಟ್ಟುವವರಿಗೆ ಬೇಕಾದದ್ದು ಒತ್ತಿದರೆ ಒಗ್ಗುವ, ಮೂಲೆಗಳಿಲ್ಲದ, ಉದ್ದನೆಯ ಡಫಲ್ ಬ್ಯಾಗ್. ಅದರೊಳಗೆ ಎಲ್ಲವೂ ಡ್ರೈ ಬ್ಯಾಗ್‌ಗಳಲ್ಲಿ. ಹೊಳೆ ದಾಟುವಾಗ ಚೀಲದ ಕೆಳಭಾಗ ನೀರಿಗೆ ತಾಗುತ್ತದೆ. ಮಲಗುವ ಚೀಲಕ್ಕೂ ಮಲಗುವ ಬಟ್ಟೆಗೂ ಎರಡು ಪದರದ ರಕ್ಷಣೆ ಕೊಡಿ. ಉಳಿದದ್ದು ಒದ್ದೆಯಾದರೆ ಬೇಸರ, ಅದು ಒದ್ದೆಯಾದರೆ ಅಪಾಯ.

ಮಲಗುವ ಚೀಲದ ಮೇಲೆ ಎರಡು ಅಂಕಿ ಇರುತ್ತವೆ, ಹಿತವಾಗಿ ನಿದ್ರಿಸಬಹುದಾದ ಉಷ್ಣತೆ ಮತ್ತು ಮುದುಡಿಕೊಂಡು ತಡೆಯಬಹುದಾದ ಮಿತಿ. ಮೊದಲನೆಯದನ್ನೇ ನಂಬಿ ಕೊಳ್ಳಿ. ಕೆಳಗೆ ಹಾಸುವ ಮ್ಯಾಟ್ ಅಷ್ಟೇ ಮುಖ್ಯ, ನೆಲದ ಚಳಿ ಬರುವುದು ಕೆಳಗಿನಿಂದ. ಮ್ಯಾಟಿನ ಆರ್-ವ್ಯಾಲ್ಯೂ, ಅಂದರೆ ಚಳಿ ತಡೆಯುವ ಶಕ್ತಿಯ ಅಳತೆ, ಬೇಸಿಗೆಗೆ 2 ಸಾಕು, ಹಿಮ ಬೀಳುವಂಥ ಚಳಿಗೆ 4ಕ್ಕಿಂತ ಮೇಲೆ. ಜೀನಿನಡಿಯ ಕಂಬಳಿಯನ್ನು ಹಾಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಹಾಸಿಕೊಳ್ಳಿ, ಆದರೆ ಅದಕ್ಕೆ ಒಂದು ಮುಳ್ಳು, ಒಂದು ಕಡ್ಡಿ ಅಂಟಿಕೊಂಡರೂ ಮರುದಿನ ಅದು ಚುಚ್ಚುವುದು ಕುದುರೆಯ ಬೆನ್ನಿಗೆ. ಬೆಳಿಗ್ಗೆ ಅಂಗೈಯಿಂದ ಇಡೀ ಕಂಬಳಿ ಸವರಿ ನೋಡಿದ ಮೇಲೆಯೇ ಜೀನು ಹಾಕಿ.

ಕರಡಿ ಇರುವ ಕಾಡಾದರೆ ವಾಸನೆ ಬರುವುದೆಲ್ಲ, ಟೂತ್‌ಪೇಸ್ಟ್ ಕೂಡ, ಊಟದ ಪೆಟ್ಟಿಗೆಗೇ ಸೇರಬೇಕು, ಡೇರೆಯೊಳಗೆ ಇರಬಾರದು.

8. ಎಲ್ಲ ಹೊತ್ತು ಒಮ್ಮೆ ಸವಾರಿ

ಹೊರಡುವ ಕೆಲವು ದಿನ ಮೊದಲು ಚೀಲ, ಕೋಟು, ಬಾಟಲಿ ಎಲ್ಲ ಕಟ್ಟಿ ಕನಿಷ್ಠ ಎರಡು ಗಂಟೆ ಸವಾರಿ ಮಾಡಿ. ನಡಿಗೆ ಮಾತ್ರ ಸಾಲದು, ಕುಕ್ಕುಲೋಟವೂ ಬೇಕು, ಒಂದು ಇಳಿಜಾರೂ ಬೇಕು. ಕುದುರೆ ಹೊಸ ಚೀಲಗಳನ್ನು ಮೂಸಿ, ಅವುಗಳ ಸದ್ದು ಕೇಳಿ, ಅವು ಹೊಟ್ಟೆಗೆ ತಾಗುವುದಕ್ಕೆ ಹೊಂದಿಕೊಳ್ಳಲಿ. ಸ್ವಂತ ಕುದುರೆ ಇಲ್ಲದವರು ಅದೇ ಬಟ್ಟೆ ಬೂಟು ಹಾಕಿ ಸವಾರಿ ಶಾಲೆಯಲ್ಲಾದರೂ ಕೂತು ನೋಡಬಹುದು. ಮನೆಗೆ ಬಂದು ಮೈಮೇಲೆ ಕೆಂಪಾದ ಜಾಗ ಹುಡುಕಿ, ಅಲ್ಲಿನ ಹೊಲಿಗೆ ಬದಲಿಸಿ. ಜೀನು ಇಳಿಸಿದ ಮೇಲೆ ಕುದುರೆಯ ಬೆನ್ನಿನ ಬೆವರನ್ನೂ ನೋಡಿ. ಸುತ್ತ ಒದ್ದೆಯಾಗಿ ನಡುವೆ ಒಂದು ಕಡೆ ಮಾತ್ರ ಒಣಗಿದ್ದರೆ ಅಲ್ಲಿ ಒತ್ತಡ ಹೆಚ್ಚು ಬೀಳುತ್ತಿರಬಹುದು. ಜೀನನ್ನೂ ಚೀಲವನ್ನೂ ಮತ್ತೆ ಹೊಂದಿಸಿ.

ಹೊರಡುವ ದಿನ ಬೆಳಿಗ್ಗೆ ಎಷ್ಟೇ ಬಿಗಿಯಾಗಿ ಕಟ್ಟಿದ್ದರೂ, ದಾರಿ ಹಿಡಿದು ಹದಿನೈದಿಪ್ಪತ್ತು ನಿಮಿಷಕ್ಕೆ ಒಮ್ಮೆ ಇಳಿಯಿರಿ. ಅಷ್ಟು ಹೊತ್ತಿಗೆ ಕುದುರೆ ಉಬ್ಬಿಸಿಕೊಂಡಿದ್ದ ಹೊಟ್ಟೆ ಇಳಿದಿರುತ್ತದೆ, ಕಂಬಳಿ ಒತ್ತಿ ತೆಳುವಾಗಿರುತ್ತದೆ. ಹೊಟ್ಟೆಪಟ್ಟಿಯನ್ನು ಒಂದು ತೂತು ಬಿಗಿದು, ಎರಡೂ ಬದಿಯ ಚೀಲದ ಕೆಳಗೆ ಕೈ ಹಾಕಿ ಎತ್ತಿ ತೂಕ ನೋಡಿ, ಜೀನು ನಡುಬೆನ್ನಿಗೇ ಇದೆಯೇ ಎಂದು ಹಿಂದೆ ಸ್ವಲ್ಪ ದೂರದಲ್ಲಿ ನಿಂತು ಕಣ್ಣಳತೆ ಮಾಡಿ, ಆಮೇಲೆ ಹತ್ತಿ.